ಕೆರೆಗೆ ಕಟ್ಟಿದ ಮೈಕು

ನಮ್ಮೂರಿನಲ್ಲಿ ಯಾರನ್ನಾದರೂ ಬೈಯಬೇಕೆಂದರೂ ಹತ್ತಿರ ಹೋಗಿಯೇ ಬೈಯಬೇಕು. ಇಬ್ಬರು ಎದುರುಬದುರು ನಿಂತು ಕೈ ಚಾಚಿದರೆ ಬೆರಳ ತುದಿ ತಾಗುವಷ್ಟು ದೂರ, ದನಿಯ ಓಟ ಅಲ್ಲಿಗೆ ಮುಗಿಯಿತು. ಮಾತಿಗಷ್ಟೇ ಅಲ್ಲ, ಗುಡಿಯ ಗಂಟೆಗೂ ನಾಯಿಯ ಬೊಗಳುವಿಕೆಗೂ ಗುಡುಗಿಗೂ ಇದೇ ಗತಿ. ಆದ್ದರಿಂದ ಮಕ್ಕಳನ್ನು ಊಟಕ್ಕೆ ಕರೆಯಲು ಮಾಳಿಗೆ ಹತ್ತಿ ಬಟ್ಟೆ ಬೀಸುತ್ತೇವೆ. ಒಂದೊಂದು ಮನೆಗೆ ಒಂದೊಂದು ಬಣ್ಣ. ಶಾಲೆಯಲ್ಲಿ ಮಾಸ್ತರರು ಸಾಲಿನಿಂದ ಸಾಲಿಗೆ ನಡೆದು ಅದೇ ಪಾಠವನ್ನು ತಿರುತಿರುಗಿ ಹೇಳುತ್ತಾರೆ. ಸಾವಾದ ಮನೆಯ ಅಳು ಪಕ್ಕದ ಮನೆಗೆ ಮುಟ್ಟುವುದಿಲ್ಲವಾದ್ದರಿಂದ ಬಾಗಿಲ ಚೌಕಟ್ಟಿಗೆ ಬಿಳಿ ಧೋತರ ಕಟ್ಟುತ್ತಾರೆ, ನೋಡಿದವರು ಬಂದು ಕೂರುತ್ತಾರೆ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ತಂತಿಯ ಒಳಗೆ ಹೊಕ್ಕು ಸ್ಪೀಕರಿನಿಂದ ಹೊರಬಿದ್ದ ಸದ್ದು ಮಾತ್ರ ನಮ್ಮೂರಿನಲ್ಲಿ ದೂರ ನಡೆಯುತ್ತದೆ. ಆ ತಂತಿ, ಆ ಸ್ಪೀಕರು ಇದ್ದದ್ದು ನಮ್ಮ ಮನೆಯಲ್ಲಿ. ಅಣ್ಣ ಮಡಿವಾಳಪ್ಪ ಊರಿಗೆಲ್ಲ ಒಂದೇ ಆಗಿದ್ದ ಮೈಕ್ ಸೆಟ್ಟಿನ ಮಾಲೀಕ. ನಾನು ಅವನ ತಂಗಿ ನೀಲವ್ವ. ಮದುವೆಯಾಗಲಿಲ್ಲ, ಅಣ್ಣನ ಮನೆಯಲ್ಲೇ ಉಳಿದೆ, ಮಿಕ್ಸರಿನ ಮುಂದೆ ಕೂರುವುದು ನನ್ನ ಕೆಲಸವಾಯಿತು. ಅಣ್ಣ ಸ್ಪೀಕರಿನ ಬಾಕ್ಸುಗಳನ್ನು ಹೊತ್ತು ತಂದು ವೇದಿಕೆಯ ಎರಡೂ ಬದಿಗೆ ಒಂದರ ಮೇಲೊಂದು ಏರಿಸಿ ಹಗ್ಗದಿಂದ ಬಿಗಿಯುತ್ತಿದ್ದ. ಹಾಡುವವರ ಮುಂದೊಂದು ಮೈಕು, ತಂಬೂರಿಗೊಂದು, ತಬಲಾಕ್ಕೆರಡು. ಒಂದು ದನಿ ಇನ್ನೊಂದನ್ನು ನುಂಗದಂತೆ ನಾನು ಗುಂಡಿ ತಿರುವಿ ನೋಡಿಕೊಳ್ಳುತ್ತಿದ್ದೆ. ಹೊರಗಿನಿಂದ ಬೇರೆ ಸೆಟ್ಟಿನವರು ಒಮ್ಮೆ ಬಂದಿದ್ದರಂತೆ. ತಮ್ಮ ಮಾತು ತಮ್ಮ ಕಾಲ ಬುಡದಲ್ಲೇ ಬೀಳುವುದನ್ನು ಕಂಡು ಹೆದರಿ, ಅರ್ಧ ಸಾಮಾನು ಬಿಟ್ಟು ಹೋದರು. ಆಮೇಲೆ ಯಾರೂ ಬರಲಿಲ್ಲ.

ಅಣ್ಣನಿಗೆ ಮೈಕು ಕಂಡರೆ ಮಾತು ಉಕ್ಕುತ್ತಿತ್ತು. ಮೈಕು ಸರಿಯಿದೆಯೇ ಎಂದು ನೋಡುವಾಗ ಎಲ್ಲರಂತೆ ‘ಹಲೋ ಹಲೋ’ ಎಂದು ನಿಲ್ಲಿಸುವವನಲ್ಲ. "ಗಂಗವ್ವಾ, ನಿನ್ನ ಎಮ್ಮಿ ಕಬ್ಬಿನ ಹೊಲ ಹೊಕ್ಕೈತಿ ನೋಡು" ಎನ್ನುವನು. "ಪೋಸ್ಟಿನ ಮಾವಾರ, ಚಾ ಆರಾಕತ್ತೈತಿ" ಎನ್ನುವನು. ಊರು ನಗುತ್ತಿತ್ತು. ಅವನ ಮಗಳು ದಾನಮ್ಮನನ್ನು ನಾವು ದಾನಿ ಎನ್ನುತ್ತಿದ್ದೆವು. ಮೂರನೇ ತರಗತಿಯ ಹುಡುಗಿ. ಊರಿನ ಮಕ್ಕಳೆಲ್ಲ ಬಟ್ಟೆ ನೋಡಿ ಮನೆಗೆ ಬಂದರೆ ಅವಳೊಬ್ಬಳು ಮಾತ್ರ ಅಪ್ಪನ ದನಿ ಕೇಳಿ ಬರುತ್ತಿದ್ದಳು. ಅದೊಂದು ಜಂಬ ಅವಳಿಗೆ. ಒಂದು ಸಲ ಕರೆದರೆ ಬಾರದೆ, ಎರಡನೆಯ ಸಲ ಕರೆಯಲಿ ಎಂದು ಬೇಕೆಂದೇ ಕಾಯುತ್ತಿದ್ದಳು. ವೈನಿ, ಅಂದರೆ ಅಣ್ಣನ ಹೆಂಡತಿ ಶಿವಗಂಗಾ, ಸುಳ್ಳು ಸಿಟ್ಟು ಮಾಡುತ್ತಿದ್ದಳು. "ಊರಿಗೆಲ್ಲ ಕೇಳೂಹಂಗ ಕರದು ಕರದು ಆಕೀನ್ನ ರಾಣಿ ಮಾಡಿಬಿಟ್ಟಾರ."

ಕೆರೆಯ ಪಕ್ಕದ ಬಯಲಿನಲ್ಲಿ ಯುಗಾದಿಯ ಹಾಡಿಕೆಗೆ ಸೆಟ್ಟು ಕಟ್ಟುತ್ತಿದ್ದ ದಿನ ಅದು ನಡೆಯಿತು. ಬೆಳಗಿನ ಹೊತ್ತು. ದಾನಿ ನಮ್ಮ ಜೊತೆಯೇ ಬಂದಿದ್ದಳು, ವೈರಿನ ಸುರುಳಿಗಳ ಮೇಲೆ ಕೂತು ಆಡುತ್ತಿದ್ದಳು, ಯಾವಾಗ ಎದ್ದು ಹೋದಳೋ. ಹೂಳು ತೆಗೆದ ಕಡೆ ಕೆರೆಯಲ್ಲಿ ಗುಂಡಿ ಬಿದ್ದಿತ್ತು. ಬಟ್ಟೆ ಒಗೆಯುವ ಕಲ್ಲುಗಳಿಂದ ಅದು ದೂರವೇನಲ್ಲ, ವೇದಿಕೆಯಿಂದಲೂ ದೂರವಲ್ಲ. ನಡುವೆ ಆಪಿನ ಹುಲ್ಲು ಎದೆಮಟ್ಟ ಬೆಳೆದಿತ್ತು. ಅಣ್ಣ ವೇದಿಕೆಯ ಮೇಲೆ ಮೈಕು ಹಿಡಿದು ಮಾತಾಡುತ್ತಲೇ ಇದ್ದ. ನಾನು ಅವನತ್ತ ಕೈಸನ್ನೆ ಮಾಡುತ್ತ ದನಿ ಏರಿಸುತ್ತ ಇಳಿಸುತ್ತ ಇದ್ದೆ. ಕೆರೆಯ ಆಚೆ ದಂಡೆಯಲ್ಲಿ ಕುರುಬನೊಬ್ಬ ಕಂಬಳಿ ಎತ್ತಿ ಬೀಸತೊಡಗಿದ. ಕಂಬಳಿ ಬೀಸಿದರೆ ಆಪತ್ತು ಎಂದು ಅರ್ಥ. ನಾವೆಲ್ಲ ಓಡಿದೆವು. ಅಣ್ಣ ನೀರಿಗೆ ಹಾರಿ ಅವಳನ್ನು ಎತ್ತಿಕೊಂಡು ಬಂದ. ದಂಡೆಯ ಮೇಲೆ ಮಲಗಿಸಿ ಕೆನ್ನೆ ತಟ್ಟಿದ, ಅಂಗಾಲು ತಿಕ್ಕಿದ. ಅವನ ಬಾಯಿ ತೆರೆದಿತ್ತು. ಅವನು ಕೂಗುತ್ತಿದ್ದಿರಬೇಕು, ನಾನು ನಾಲ್ಕು ಮಾರು ಹಿಂದಿದ್ದೆ, ನನಗೆ ಕೇಳಲಿಲ್ಲ.

ಕಾರ್ಯವೆಲ್ಲ ಮುಗಿದು ಬಂದವರು ಹೊರಟುಹೋದ ಮೇಲೆ, ಒಂದು ಮಧ್ಯಾಹ್ನ ವೈನಿ ಅಣ್ಣನ ಮುಂದೆ ರೊಟ್ಟಿಯ ತಾಟು ಇಟ್ಟಳು. ನಾನು ಪಕ್ಕದಲ್ಲೇ ಕುಳಿತಿದ್ದೆ. ಅವಳು ಅಳಲಿಲ್ಲ, ದನಿ ಎತ್ತರಿಸಲೂ ಇಲ್ಲ.

"ಅವತ್ತ ನೀವು ಮೈಕಿನಾಗ ಮಾತಾಡಾಕತ್ತಿದ್ರಿ" ಎಂದಳು. "ನಿಮ್ಮ ದನಿ ಆಕಿಗೆ ಕೇಳಸ್ತಿತ್ತು. ಆಕಿ ದನಿ ನಿಮಗ ಮುಟ್ಟಲಿಲ್ಲ."

ಅಣ್ಣ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟು ಕೈ ತೊಳೆದುಕೊಂಡ. ಅಂದಿನಿಂದ ಗಂಡ ಹೆಂಡತಿ ಒಬ್ಬರ ಹತ್ತಿರ ಒಬ್ಬರು ಹೋಗುವುದು ನಿಂತಿತು. ನಮ್ಮೂರಿನಲ್ಲಿ ಮಾತು ಬಿಡುವುದು ಬಹಳ ಸುಲಭ. ಎರಡು ಹೆಜ್ಜೆ ಹಿಂದೆ ನಿಂತರೆ ಸಾಕು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಸಾಮಾನಿನ ಕೋಣೆ ಖಾಲಿ. ಅಣ್ಣ ಇಡೀ ಸೆಟ್ಟನ್ನು ಎತ್ತಿನ ಗಾಡಿಗೆ ಹೇರಿ ಕೆರೆಗೆ ಒಯ್ದಿದ್ದ. ನಾನು ಹೋದಾಗ ಬಿದಿರಿನ ಗಳು ನೆಡುತ್ತಿದ್ದ. ಗಳುವಿನ ತುದಿಗೆ ಮೈಕು, ಎರಡು ಮಾರು ಬಿಟ್ಟು ಮತ್ತೊಂದು ಗಳು, ಅದಕ್ಕೊಂದು ಮೈಕು. ಇದ್ದ ಮೈಕುಗಳು ಕೆರೆಯ ಒಂದು ಮೂಲೆಗೂ ಸಾಲಲಿಲ್ಲ. ಹಳೆಯ ರೇಡಿಯೋಗಳನ್ನು ಬಿಚ್ಚಿ ಅವುಗಳ ಸಣ್ಣ ಸ್ಪೀಕರು ತೆಗೆದ. ಸ್ಪೀಕರನ್ನು ಉಲ್ಟಾ ಜೋಡಿಸಿದರೆ ಅದೂ ಮೈಕಿನ ಕೆಲಸ ಮಾಡುತ್ತದೆ. ಜನ ತಮ್ಮ ಅಟ್ಟಗಳಲ್ಲಿ ಬಿದ್ದಿದ್ದ ರೇಡಿಯೋಗಳನ್ನು ತಾವಾಗಿ ತಂದು ಕೊಟ್ಟರು. ಮಗಳನ್ನು ಕಳೆದುಕೊಂಡವನಿಗೆ ಇಲ್ಲ ಎನ್ನುವುದು ಹೇಗೆ. ನಡುನೀರಿನಲ್ಲಿ ಖಾಲಿ ಡಬ್ಬಿ ತೇಲಿಬಿಟ್ಟು ಅವುಗಳ ಮೇಲೂ ಕಟ್ಟಿದ. ತಂತಿಗಳೆಲ್ಲ ದಂಡೆಯ ಪಂಪಿನ ಕೋಣೆಗೆ ಬಂದವು. ಅಲ್ಲಿ ಮಿಕ್ಸರು ಇಟ್ಟು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅಣ್ಣ ಕುಳಿತ. ಹಾಡಿಕೆಯ ದೊಡ್ಡ ಬಾಕ್ಸುಗಳೂ ಹಾರ್ನುಗಳೂ ಪೇಟೆಯಲ್ಲಿ, ಶಾಲೆಯ ಮುಂದೆ, ನಾಲ್ಕು ದಾರಿ ಕೂಡುವಲ್ಲಿ ಏರಿದವು. ಇನ್ನು ಮೇಲೆ ಕೆರೆಯಲ್ಲಿ ಒಂದು ಕಪ್ಪೆ ಹಾರಿದರೂ ಊರಿಗೆ ಕೇಳಬೇಕು.

ಕೇಳಿತು. ನೀರು ಕಲ್ಲಿಗೆ ಬಡಿಯುವುದು, ದನ ನೀರು ಹೀರುವುದು, ಬಟ್ಟೆ ಒಗೆಯುವುದು, ಕೊಕ್ಕರೆ ರೆಕ್ಕೆ ಕೊಡವುವುದು. ಕೆರೆಯೊಂದು ಇಷ್ಟು ಮಾತಾಡುತ್ತದೆಂದು ನಮಗೆ ಗೊತ್ತೇ ಇರಲಿಲ್ಲ. ಮೊದಲ ವಾರ ಬಟ್ಟೆ ಒಗೆಯುವ ಸೊಸೆಯಂದಿರು ಎಂದಿನಂತೆ ಅತ್ತೆಯರ ಸುದ್ದಿ ಮಾತಾಡಿಕೊಂಡರು. ಅತ್ತೆಯರು ಪೇಟೆಯಲ್ಲಿ ಮೆಂತೆಸೊಪ್ಪು ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕೆರೆಯ ದಂಡೆಯಲ್ಲಿ ಅತ್ತೆಯರನ್ನು ಹೊಗಳುವುದು ರೂಢಿಯಾಯಿತು. ಕಪ್ಪೆಗಳ ಕಾಲದಲ್ಲಿ ಅಂಗಡಿಯವರು ಗಿರಾಕಿಯ ಮಾತು ಕೇಳಿಸದೆ ಬೇಳೆ ಕೇಳಿದರೆ ಬೆಲ್ಲ ಕಟ್ಟಿದರು. ನೇಕಾರ ಓಣಿಯ ಒಬ್ಬ ಮುದುಕ, ನೀರಿನ ಸದ್ದಿಗೆ ಕೈ ಚೆನ್ನಾಗಿ ಓಡುತ್ತದೆ, ಇರಲಿ ಬಿಡಿ ಎಂದ. ಉಳಿದವರು ಒಳಗೊಳಗೇ ಬೇಸರಪಟ್ಟುಕೊಂಡರು. ಅಣ್ಣನ ಎದುರು ಯಾರೂ ಹೇಳಲಿಲ್ಲ.

ನಮ್ಮ ಮನೆಯ ಕಟ್ಟೆಯ ಮೇಲೂ ಅವನು ಒಂದು ಹಾರ್ನು ತೂಗುಹಾಕಿದ್ದ. ಮಗಳನ್ನು ನುಂಗಿದ ನೀರು ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ವೈನಿಯ ಕಿವಿಯಲ್ಲಿ ತುಳುಕುತ್ತಿತ್ತು. ಅವಳು ಅಡುಗೆಮನೆಯ ಮೂಲೆಗೆ ಹೋದಳು, ಹಿತ್ತಿಲಿಗೆ ಹೋದಳು, ಅಲ್ಲಿಗೂ ಬಂತು. ಒಂದು ದಿನ ಸ್ಟೂಲು ಹತ್ತಿ, ತನ್ನ ಹಳೆಯ ಸೀರೆಯನ್ನು ಹಾರ್ನಿನ ಬಾಯಿಗೆ ತುರುಕಿದಳು. ಅಣ್ಣ ಬುತ್ತಿಗೆಂದು ಬಂದವನು ಅದನ್ನು ನೋಡಿದ. ತೆಗೆಯುತ್ತಾನೆ ಎಂದುಕೊಂಡೆ. ಅವನು ಅದೇ ಸ್ಟೂಲು ಹತ್ತಿ, ಸೀರೆಯ ಸೆರಗು ಗಾಳಿಗೆ ಜಾರದಂತೆ ಒಳಗೆ ತಳ್ಳಿ, ಬುತ್ತಿ ತೆಗೆದುಕೊಂಡು ಹೋದ. ವೈನಿ ಬಾಗಿಲ ಹಿಂದಿನಿಂದ ನೋಡುತ್ತಿದ್ದಳು.

ಶ್ರಾವಣದಲ್ಲಿ ಕೆರೆ ತುಂಬಿತು. ಅಗಸರ ಭೀಮವ್ವ ಮೆಟ್ಟಿಲ ಪಾಚಿಯ ಮೇಲೆ ಕಾಲು ಜಾರಿ ಬಿದ್ದಳು. ಪೇಟೆಯಲ್ಲಿ ಎಲ್ಲರಿಗೂ ‘ಯವ್ವಾ’ ಎಂದದ್ದು ಕೇಳಿತು, ನೀರು ಒಡೆದದ್ದು ಕೇಳಿತು. ಚಹಾದ ಅಂಗಡಿಯಲ್ಲಿದ್ದವರು ಕಪ್ಪು-ಬಸಿಗಳನ್ನು ಅಲ್ಲೇ ಬಿಟ್ಟು ಓಡಿದರು. ಅವರಿಗಿಂತ ಮೊದಲು ಅಣ್ಣ ನೀರಿನಲ್ಲಿದ್ದ. ಮುದುಕಿ ಬದುಕಿದಳು. ಚೇತರಿಸಿಕೊಂಡ ಮೇಲೆ ಒಂದು ತೆಂಗಿನಕಾಯಿ ಹಿಡಿದು ಪಂಪಿನ ಕೋಣೆಗೆ ಬಂದಳು. ನಾನು ಅಣ್ಣನಿಗೆ ಊಟ ಕೊಟ್ಟು ಅಲ್ಲೇ ಇದ್ದೆ.

"ನೀ ಇಲ್ಲಂದ್ರ ನಾ ಇವತ್ತ ಮಣ್ಣಾಗಿರತಿದ್ನೆಪಾ" ಎಂದಳು ಭೀಮವ್ವ.

ಅಣ್ಣ ಕಾಯಿ ಮುಟ್ಟಲಿಲ್ಲ. "ಎಷ್ಟ ಸಲ ಕರದಿ, ಆಯಿ?" ಎಂದು ಕೇಳಿದ.

"ಒಂದ ಸಲ ನೋಡಪಾ. ಎರಡನೇದ್ದಕ್ಕ ಬಾಯಾಗ ನೀರು ಹೊಕ್ಕಿತು."

ಅಣ್ಣ ಗೋಡೆಯ ಕಡೆ ತಿರುಗಿ ಕುಳಿತ. ಭೀಮವ್ವ ನನ್ನ ಮುಖ ನೋಡಿದಳು, ಕಾಯಿಯನ್ನು ಹೊಸ್ತಿಲ ಮೇಲಿಟ್ಟು ಹೋದಳು. ಅದಾದ ಮೇಲೆ ಬಾಕ್ಸು ಇಳಿಸಿ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಉಳಿಯಲಿಲ್ಲ.

ಆದರೆ ಕಾರ್ತಿಕ ಬಂತು. ಕಾರ್ತಿಕದಲ್ಲಿ ಅಂಬೂಬಾಯಿಯ ಹಾಡಿಕೆ. ಅವರು ನಮ್ಮೂರಿನವರಲ್ಲ. ನಮ್ಮೂರಿನ ರೀತಿ ಕಂಡು ಹೆದರದೆ ಪ್ರತಿವರ್ಷ ಬರುತ್ತಿದ್ದ ಒಬ್ಬರೇ ಗಾಯಕಿ. ಈಗ ವಯಸ್ಸಾಗಿತ್ತು. ಇನ್ನು ಪ್ರಯಾಣ ಆಗುವುದಿಲ್ಲ, ಇದೇ ಕೊನೆ ಎಂದು ಹೇಳಿಕಳಿಸಿದ್ದರು. ಸಂಗೀತ ಸಭೆಯ ಹಿರಿಯರಾದ ಮುರಿಗೆಪ್ಪ ಮಾಸ್ತರರು ನನ್ನನ್ನು ಕರೆದುಕೊಂಡು ಪಂಪಿನ ಕೋಣೆಗೆ ಬಂದರು. ಅಣ್ಣನಿಗೆ ಅಕ್ಷರ ಕಲಿಸಿದವರು ಅವರೇ. ಅವನ ಎದುರು ನೆಲದ ಮೇಲೆ ಮೊಣಕಾಲು ತಾಗುವಂತೆ ಕುಳಿತರು. ಅಣ್ಣ ಒಂದು ಕಿವಿಯ ಹೆಡ್‌ಫೋನು ಸರಿಸಿದ, ಇನ್ನೊಂದನ್ನು ಬಿಡಲಿಲ್ಲ.

"ಒಂದ ದಿನದ ಮಾತು, ಮಡಿವಾಳಾ" ಎಂದರು ಮಾಸ್ತರರು. "ಸೆಟ್ಟು ಕೊಡು. ಆ ದಿನ ಕೆರಿ ಸುತ್ತ ಮಂದೀನ್ನ ನಿಲ್ಲಸ್ತೀನಿ. ಮಾರಿಗೊಬ್ಬರನ್ನ ನಿಲ್ಲಸ್ತೀನಿ."

"ಹಾಡಿಕಿ ಸುರು ಆತಂದ್ರ ಅವ್ರ ಕಣ್ಣು ಆ ಕಡೆ ಹೊಳ್ಳತಾವ್ರಿ ಸರ್."

"ಹೊಳ್ಳಂಗಿಲ್ಲ. ನಾ ಹೇಳ್ತೀನಲ್ಲ."

"ನನಗೂ ಕಣ್ಣಿದ್ವು" ಎಂದ ಅಣ್ಣ. "ಕೆರಿ ಎದುರಿಗೇ ಇತ್ತು."

ಮಾಸ್ತರರು ನೆಲಕ್ಕೆ ಕೈಯೂರಿದರು. ಎದ್ದು ನಿಲ್ಲುವಾಗ ಅವನ ತಲೆಯ ಮೇಲೆ ಕೈಯಿಟ್ಟರು. ಹೊರಗೆ ಬಂದು ನನ್ನ ಹತ್ತಿರ ಬಾಗಿ, "ಅವನಿಂದ ಕಸಗೊಂಡು ತಂದ್ರ ಆ ಹಾಡು ಯಾರ ಕಿವಿಗೆ ಹತ್ತತೈತಿ, ನೀಲವ್ವ? ಬಾಯಾರ ಮುಂದ ಹೋಗಿ ತಪ್ಪಾತಂತ ಹೇಳೂಣು" ಎಂದರು.

ಬಸ್ಸಿನಿಂದ ಇಳಿದ ಅಂಬೂಬಾಯಿ ಅಲ್ಲೇ ಬೇವಿನ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಕೊಂಡರು. ಮೇಲಿನ ಹಾರ್ನಿನಿಂದ ನೀರಿನ ತುಳುಕು ಬರುತ್ತಿತ್ತು. "ಯಾವಾಕಿ?" ಎಂದು ಕೇಳಿದರು. "ಮುಂದ ಕುಂತು, ಬಾಯಿ ತಗದು, ನಾ ತಾನ್ ತಗೊಂಡಾಗೆಲ್ಲ ತಾನೂ ಕತ್ತು ಆಡಸತಿತ್ತಲ್ಲ ಒಂದು ಹುಡುಗಿ, ಆಕಿ ಏನು?" ನಾನು ಹೌದೆಂದೆ. ಅವರು ತಮ್ಮ ಚೀಲದಿಂದ ಶಾಲು ತೆಗೆದು ಹೊದ್ದುಕೊಂಡರು, ಬಿಸಿಲಿದ್ದರೂ.

ಆಮೇಲೆ ಮಾಸ್ತರರಿಗೆ, "ಸೆಟ್ಟು ಇಲ್ಲಂದ್ರ ಏನಾತ್ರಿ? ಕೇಳವ್ರು ಹತ್ರ ಬಂದು ಕುಂದರಲಿ. ಎಷ್ಟ ಮಂದಿ ಹಿಡಸತಾರೋ ಅಷ್ಟ ಮಂದಿ. ಅವ್ರು ಎದ್ದ ಮ್ಯಾಲೆ ಮತ್ತಷ್ಟು ಮಂದಿ ಬರಲಿ" ಎಂದರು.

"ಊರು ದೊಡ್ಡದು ಐತ್ರಿ ಬಾಯಾರ. ನಿಮ್ಮ ಗಂಟಲಾ..."

"ಇನ್ನ ಯಾವತ್ತಿಗೆ ಉಳಿಸಿಕೊಳ್ಳಲಿ?"

ಹಾಗೆ ಮರುದಿನ ಬೆಳಗಿನಿಂದ ಸಭೆಯ ಚಿಕ್ಕ ಕೋಣೆಯಲ್ಲಿ ಹಾಡಿಕೆ ಶುರುವಾಯಿತು. ಅಂಬೂಬಾಯಿಯ ಸುತ್ತ ಮೊಣಕಾಲಿಗೆ ಮೊಣಕಾಲು ತಾಗಿಸಿ ಒಂದಿಷ್ಟು ಜನ, ಅವರ ಬೆನ್ನಿಗೆ ಅಂಟಿಕೊಂಡು ಇನ್ನೊಂದಿಷ್ಟು ಜನ, ಆಮೇಲಿನವರಿಗೆ ಕೇಳುತ್ತಿರಲಿಲ್ಲ. ಉಳಿದ ಊರು ಬೀದಿಯುದ್ದಕ್ಕೂ ಸಾಲು ನಿಂತಿತ್ತು. ಬಾಗಿಲಲ್ಲಿ ನಿಂತವರಿಗೆ ಅವರ ಬಾಯಿ ತೆರೆಯುವುದು, ತಬಲಾದವನ ಬೆರಳು ಕುಣಿಯುವುದು ಕಾಣುತ್ತಿತ್ತು, ಸದ್ದಿಲ್ಲ. ಬೆಳಿಗ್ಗೆ ಹೋದವರು ತೋಡಿ ರಾಗ ಕೇಳಿದರು, ಹೊತ್ತೇರಿದಾಗ ಹೋದವರಿಗೆ ಸಾರಂಗ ಸಿಕ್ಕಿತು. ಹೊರಗೆ ಬಂದು ತಮಗೆ ಸಿಕ್ಕದ್ದೇ ಹೆಚ್ಚೆಂದು ವಾದಿಸಿಕೊಂಡರು. "ಬಾಕ್ಸಿನಾಗ ಚಲೋ ಇತ್ತಪಾ, ಇದು ಒಣಾ ಒಣಾ" ಎಂದು ಕೆಲವರು ಮುಖ ಸಪ್ಪಗೆ ಮಾಡಿಕೊಂಡು ಹೋದರು. ಇನ್ನು ಕೆಲವರು ಹೊರಬಂದು ಯಾರ ಜೊತೆಗೂ ಮಾತಾಡದೆ ನೇರ ಮನೆಗೆ ನಡೆದರು. ನಾನು ಬಾಗಿಲಲ್ಲಿ ನಿಂತು ಜನರನ್ನು ಒಳಗೆ ಬಿಡುತ್ತಿದ್ದೆ. ನನಗೆ ಗುಂಡಿ ತಿರುವುವ ಕೆಲಸ ಇರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಾಲು ತಾನಾಗಿ ಗೋಡೆಗೆ ಸರಿಯಿತು. ನೋಡಿದರೆ ವೈನಿ ಬರುತ್ತಿದ್ದಳು. ಮಗಳು ಹೋದಾಗಿನಿಂದ ಅವಳು ಅಂಗಳ ದಾಟಿರಲಿಲ್ಲ. ಮನೆಯಲ್ಲಿ ಉಡುವ ಸೀರೆಯಲ್ಲೇ ಬಂದಿದ್ದಳು, ತಲೆ ಬಾಚಿರಲಿಲ್ಲ. ನಾನು ಕೈ ಹಿಡಿದು ಒಳಗೆ ಕರೆದೊಯ್ದು, ಅಂಬೂಬಾಯಿಯ ಎದುರಿಗೇ ಕೂರಿಸಿ ಪಕ್ಕದಲ್ಲಿ ಕುಳಿತೆ. ಅವರು ಯಾರೆಂದು ಕೇಳಲಿಲ್ಲ. ಭೀಮಪಲಾಸ ಹಾಡತೊಡಗಿದರು. ದನಿ ಆಗಲೇ ಅಂಚಿನಲ್ಲಿ ಹರಿದಿತ್ತು. ಮೇಲೆ ಹೋಗಲಾರದ ಕಡೆ ಅವರು ಹೋಗಲಿಲ್ಲ, ಕೆಳಗಿನ ಸ್ವರದಲ್ಲೇ ತಿರುಗಾಡಿದರು. ಸ್ವಲ್ಪ ಹೊತ್ತಿಗೆ ವೈನಿ ಅತ್ತಳು. ಎದೆ ಬಿರಿದು, ಬಾಯಿ ತೆರೆದು ಅತ್ತಳು. ಅಷ್ಟು ತಿಂಗಳಲ್ಲಿ ನಾನು ಅವಳ ಅಳು ಕೇಳಿದ್ದು ಅದೇ ಮೊದಲು. ಅಂಬೂಬಾಯಿ ನಿಲ್ಲಿಸಲಿಲ್ಲ. ಒಂದು ಕೈ ಚಾಚಿ ಅವಳ ಮೊಣಕಾಲ ಮೇಲಿಟ್ಟು, ಅಳುವಿನ ಜೊತೆಜೊತೆಗೇ ಹಾಡಿ ಮುಗಿಸಿದರು.

ವೈನಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಇಷ್ಟ ವರ್ಷ ಕೇಳೀನ್ರಿ ನಿಮ್ಮನ್ನ" ಎಂದಳು. "ನಡುವ ನೀವು ಉಸರು ತಗೊಳ್ಳೂದು ಕೇಳಿರಲಿಲ್ಲ."

"ಮೈಕಿನಾಗ ಅದು ಕೇಳಬಾರದಂತ ತಗದಬಿಡತಾರವ್ವ" ಎಂದರು ಅಂಬೂಬಾಯಿ. ತೆಗೆಯುತ್ತಿದ್ದವಳು ನಾನು. ಹಾಡಿನ ನಡುವೆ ಉಸಿರಿನ ಸದ್ದು ಬಂದರೆ ಜನಕ್ಕೆ ಸೇರುವುದಿಲ್ಲ.

ವೈನಿ ಎದ್ದು ಹೋದಳು. ಮನೆಗೆ ಹೋದಳೆಂದುಕೊಂಡು ನಾನು ಮತ್ತೆ ಬಾಗಿಲಿಗೆ ನಿಂತೆ. ಸಾಲು ಕರಗುತ್ತಾ ಬಂತು. ಅಂಬೂಬಾಯಿಯ ಗಂಟಲಿಗೆ ಜ್ಯೇಷ್ಠಮಧು ತರಲೆಂದು ನಾನು ಪೇಟೆಗೆ ಬಂದೆ. ಅಂಗಡಿಯವನು ಪೊಟ್ಟಣ ಕಟ್ಟುತ್ತಿದ್ದಾಗ ಹಾರ್ನಿನಲ್ಲಿ ಯಾರೋ ನೀರಿಗೆ ಇಳಿಯುವ ಸದ್ದಾಯಿತು. ಎಮ್ಮೆಯಲ್ಲ. ಮೆಲ್ಲಗೆ ಒಂದೊಂದೇ ಹೆಜ್ಜೆ, ಜೊತೆಗೆ ಬಳೆಗಳ ಸದ್ದು. ಅಂಗಡಿಯವನ ಕೈ ನಿಂತಿತು. ಪೇಟೆಯಲ್ಲಿದ್ದವರೆಲ್ಲ ತಲೆ ಎತ್ತಿದರು. ಚಹಾದ ಅಂಗಡಿಯ ಗಂಡಸರು ಆಗಲೇ ಎದ್ದು ನಿಂತಿದ್ದರು.

"ಕೇಳಸ್ತೈತೇನ್ರಿ?" ಎಂದಿತು ಹಾರ್ನು. ವೈನಿಯ ದನಿ. "ನಾ ಅದೀನಿ. ಹೆದರಬ್ಯಾಡ್ರಿ, ಮೊಣಕಾಲತನ ಅಷ್ಟ ನೀರೈತಿ."

ಓಡಲು ಕಾಲು ತೆಗೆದವರು ನಿಂತರು. ಕೆರೆಯ ನೀರು ಎರಡು ಸಲ ತುಳುಕಿತು.

"ಸೆರಗಿನ ತುದಿ ಒಳಗ ತಳ್ಳಿ ಹೋದ್ರಿ ಅವತ್ತ. ನಾ ನೋಡಿದೆ" ಎಂದಳು ವೈನಿ. "ನಾ ಬಿರುಸು ಮಾತಾಡೀನಿ. ಆದ್ರ ನನಗೊಂದು ಗೊತ್ತಾಗವಲ್ದು. ಹಗಲೆಲ್ಲ ಅದನ್ನ ಕೇಳಕೋತೀನಿ. ಆಕಿ ಅವತ್ತ ಕರದಿದ್ದು ನಿಮ್ಮನ್ನೋ, ನನ್ನನ್ನೋ?"

ದಂಡೆಯ ಗಳುವೊಂದು ಬಿದ್ದು ಉರುಳಿದ ಸದ್ದು ಬಂತು. ಆಮೇಲೆ ನೀರಿನಲ್ಲಿ ಯಾರೋ ಓಡುವ ಸದ್ದು. ಆಮೇಲೆ ಅಣ್ಣನ ದನಿ, ತೀರ ಹತ್ತಿರದಿಂದ. ಮಾತಲ್ಲ ಅದು. ಆ ದನಿಯನ್ನು ನಾನು ಇಲ್ಲಿ ಬರೆಯಲಾರೆ.

ಆಗ ಮುರಿಗೆಪ್ಪ ಮಾಸ್ತರರು ವಾಚನಾಲಯದ ಮೆಟ್ಟಿಲಿಳಿದು ಬಂದರು. ಕಂಬದ ಬುಡಕ್ಕೆ ಹೋಗಿ, ಅಲ್ಲಿನ ಬಾಕ್ಸಿನ ತಂತಿ ಹಿಡಿದು ಕಿತ್ತರು. ಬಳೆಗಾರ ತನ್ನ ಅಂಗಡಿಯ ಮೇಲಿನ ಹಾರ್ನಿನ ತಂತಿ ಕಿತ್ತ. ಚಹಾದ ಅಂಗಡಿಯವನು ಕಿತ್ತ. ಯಾರೂ ಯಾರಿಗೂ ಹೇಳಲಿಲ್ಲ. ಶಾಲೆಯ ಕಡೆ, ನೇಕಾರ ಓಣಿಯ ಕಡೆ ಜನ ಹೋಗುವುದು ಕಾಣಿಸಿತು. ಒಂದೊಂದು ಮೂಲೆಯಿಂದ ಸದ್ದು ಇಳಿಯುತ್ತಾ ಬಂತು. ಬಾವಿಯ ಹತ್ತಿರದ ಹಾರ್ನೊಂದು ಉಳಿದಿತ್ತು. ಅದರಲ್ಲಿ ವೈನಿ ಅಣ್ಣನ ಹೆಸರು ಹಿಡಿದು ಏನೋ ಹೇಳತೊಡಗಿದ್ದಳು. ಗಂಡನ ಹೆಸರನ್ನು ಅವಳು ಎಂದೂ ಬಾಯಲ್ಲಿ ಆಡಿದವಳಲ್ಲ. ನಾನು ಹೋಗಿ ಆ ತಂತಿಯನ್ನು ಎಳೆದೆ. ಪೇಟೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡುತ್ತ ನಿಂತಿದ್ದೆವು.

ಗಂಡ ಹೆಂಡತಿ ಏನು ಮಾತಾಡಿಕೊಂಡರೋ ನನಗೆ ಇಂದಿಗೂ ಗೊತ್ತಿಲ್ಲ. ಕೆಲವು ದಿನಗಳ ಮೇಲೆ ಅಣ್ಣ ಪೇಟೆಯ ಬಾಕ್ಸುಗಳನ್ನು ಇಳಿಸಿಕೊಂಡು ಹೋದ. ಕೆರೆಯ ಗಳುಗಳು ಮಾತ್ರ ಹಾಗೇ ಇವೆ. ಪಂಪಿನ ಕೋಣೆಯಲ್ಲಿ ಹೆಡ್‌ಫೋನು ಹಾಕಿ ಕೂರುವ ಪಾಳಿಯನ್ನು ಊರಿನ ಮನೆಗಳು ಹಂಚಿಕೊಂಡಿವೆ. ಮೊದಲ ಪಾಳಿ ಬೇಕೆಂದು ಕೇಳಿ ಪಡೆದವಳು ಭೀಮವ್ವ. ದೊಡ್ಡ ಸೆಟ್ಟು ಮದುವೆಗೂ ಹಾಡಿಕೆಗೂ ಮತ್ತೆ ಹೋಗುತ್ತದೆ. ಮೈಕು ಸರಿಯಿದೆಯೇ ಎಂದು ಈಗ ಅಣ್ಣ ಬೆರಳಿನಿಂದ ತಟ್ಟಿ ನೋಡುತ್ತಾನೆ, ಮಾತಾಡುವುದಿಲ್ಲ. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ.

ತಂತಿ ಕಿತ್ತ ಆ ಸಂಜೆ ಅವರಿಬ್ಬರೂ ಪೇಟೆಯ ನಡುವೆ ನಡೆದು ಬಂದರು. ವೈನಿಯ ಸೀರೆ ಮೊಣಕಾಲವರೆಗೆ ನೆನೆದಿತ್ತು, ಅಣ್ಣ ಎದೆಯವರೆಗೂ ಒದ್ದೆಯಾಗಿದ್ದ. ಜನ ಅಂಗಡಿಗಳಲ್ಲಿ ಏನಾದರೊಂದು ಕೆಲಸ ಮಾಡುತ್ತಿರುವಂತೆ ತೋರಿಸಿಕೊಂಡರು. ಮನೆಯ ಕಡೆ ತಿರುಗದೆ ಅವರು ಸಭೆಯ ಕೋಣೆಗೆ ಬಂದರು. ನಾನು ಹಿಂದಿನಿಂದ ಹೋದೆ. ಸಾಲು ಮುಗಿದಿತ್ತು. ತಬಲಾದವನು ತಬಲಾಕ್ಕೆ ಬಟ್ಟೆ ಸುತ್ತುತ್ತಿದ್ದ. ಅಂಬೂಬಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಇವರನ್ನು ಕಂಡು ನೆಟ್ಟಗೆ ಕುಳಿತರು, ಬಾಯಿ ತೆರೆದರು, ಗಂಟಲು ಮುಟ್ಟಿಕೊಂಡು ತಲೆಯಾಡಿಸಿದರು. ದನಿ ಪೂರ್ತಿ ಹೋಗಿತ್ತು. ಅಣ್ಣ ಕೈ ಮುಗಿದು ಹಿಂದೆ ಸರಿಯಲು ನೋಡಿದ. ಅವರು ಕೈಸನ್ನೆಯಲ್ಲೇ ಕೂರಲು ಹೇಳಿದರು. ತಂಬೂರಿಯನ್ನು, ದಿನವಿಡೀ ಹಿಂದೆ ಕುಳಿತು ನುಡಿಸಿದ್ದ ಶಿಷ್ಯೆಯ ಕೈಯಿಂದ ತಾವೇ ತೆಗೆದುಕೊಂಡು ತೊ‍ಡೆಯ ಮೇಲೆ ನಿಲ್ಲಿಸಿ, ತಂತಿಗಳ ಮೇಲೆ ಬೆರಳಿಟ್ಟರು.

ಅಣ್ಣ, ವೈನಿ ಒದ್ದೆ ಬಟ್ಟೆಯಲ್ಲೇ ಅವರ ಮೊಣಕಾಲಿಗೆ ತಾಗಿ ಕುಳಿತರು. ತಬಲಾದವನೂ ಶಿಷ್ಯೆಯೂ ಎದ್ದು ಹೊರಗೆ ಬಂದರು. ಅಂಬೂಬಾಯಿಯ ಬೆರಳು ತಂತಿಯಿಂದ ತಂತಿಗೆ ಹೋಗುತ್ತಿತ್ತು. ಅಣ್ಣನ ತಲೆ ನಿಧಾನವಾಗಿ ಬಾಗಿ ವೈನಿಯ ಹೆಗಲಿಗೆ ತಾಗಿತು, ಅವಳು ಸರಿಯಲಿಲ್ಲ. ದೀಪ ಹಚ್ಚುವ ಹೊತ್ತಾದರೂ ಅವರು ಹಾಗೇ ಕುಳಿತಿದ್ದರು. ನಾನು ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತೆ. ನನ್ನವರೆಗೆ ಏನೂ ಬರಲಿಲ್ಲ.